ಅಕ್ಕನ ಕೈ ಮೇಲಿನ ಆರೋಪ

ನ್ಯಾಯಾಲಯದ ಕಟ್ಟಡದಲ್ಲಿ ತೀರ್ಪು ಕೊಡುವವರು ಮೇಲಿನ ಮಹಡಿಗಳಲ್ಲಿ ಕೂರುತ್ತಾರೆ. ಕೊಟ್ಟ ತೀರ್ಪನ್ನು ಹೊಲಿದು, ಅಂಟು ಹಚ್ಚಿ, ರಟ್ಟಿನೊಳಗೆ ಭದ್ರ ಮಾಡುವವರು ನೆಲಮಾಳಿಗೆಯಲ್ಲಿ. ಆ ಕಟ್ಟಡದ ಬೈಂಡಿಂಗ್ ವಿಭಾಗದಲ್ಲಿ ಉಳಿದಿದ್ದವರು ಇಬ್ಬರೇ. ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಲ್ಲುವವನನ್ನು ಎಲ್ಲರೂ ಕತ್ತರಿ ಎನ್ನುತ್ತಿದ್ದರು. ಕಾಗದಕ್ಕಿಂತ ಎದುರಿನವರ ಮಾತನ್ನು ಕತ್ತರಿಸುವುದರಲ್ಲಿ ಅವನು ಹೆಚ್ಚು ಪಳಗಿದ್ದ. ಇನ್ನೊಬ್ಬ ಅಂಟಣ್ಣ.

ಅಂಟಣ್ಣನಿಗೆ ಐವತ್ತೆರಡು ವರ್ಷ. ಅದರಲ್ಲಿ ಇಪ್ಪತ್ತೆಂಟನ್ನು ಹೊಲಿಗೆಯ ಮೇಜಿಗೆ ಕೊಟ್ಟಿದ್ದ. ಆಗೆಲ್ಲ ಅವನಿಗೆ ಈ ಹೆಸರಿರಲಿಲ್ಲ. ಅಂಟು ಕಾಯಿಸುವ ಕೆಲಸ ಅಂಟಜ್ಜನದಾಗಿತ್ತು. ಒಂದೂವರೆ ವರ್ಷದ ಹಿಂದೆ ಅಂಟಜ್ಜ ನಿವೃತ್ತನಾದ. ಮೇಲಿನವರು ಆ ಜಾಗಕ್ಕೆ ಹೊಸಬರನ್ನು ಕೊಡಲಿಲ್ಲ. ಕೆಲಸವನ್ನೂ ಹೆಸರನ್ನೂ ಸೇರಿಸಿ ಇವನಿಗೇ ಅಂಟಿಸಿದರು.

ಕೆಲಸ ದೊಡ್ಡದೇನಲ್ಲ. ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಗಂಟಾಗದಂತೆ ತಿರುವುತ್ತ ಕಾಯಿಸಬೇಕು. ಕಡತಗಳಿಗೆ ಹುಳು ಬೀಳದಿರಲಿ ಎಂದು ಮೈಲುತುತ್ತದ ನೀಲಿ ಹರಳನ್ನು ಪುಡಿಮಾಡಿ ಬೆರೆಸಬೇಕು. ಬೆರೆಸಿದ್ದು ಸಾಕೋ ಇಲ್ಲವೋ ಎಂದು ತೂಗಲು ಅಲ್ಲಿ ತಕ್ಕಡಿ ಇರಲಿಲ್ಲ. ಅಂಟಜ್ಜನ ಪ್ರಕಾರ ಅದಕ್ಕೆಂದೇ ನಾಲಿಗೆ ಇರುವುದು. ಬೆರಳ ತುದಿಗೆ ಅಂಟು ತೆಗೆದುಕೊಂಡು ನಾಲಿಗೆಗೆ ಮುಟ್ಟಿಸಿದರೆ ಬುಡದ ತನಕ ಚುರ್ ಎನ್ನಬೇಕು. ಎನ್ನದಿದ್ದರೆ ಇನ್ನೊಂದು ಚಿಟಿಕೆ. ಬೆಳಿಗ್ಗೆ ಒಂದು ಪಾತ್ರೆ, ಮಧ್ಯಾಹ್ನ ಒಂದು. ಹಿಂದೆ ರುಚಿ ನೋಡಿದ್ದನ್ನು ಉಗುಳಲು ಮೂಲೆಯಲ್ಲೊಂದು ಡಬ್ಬಿ ಇತ್ತು. ಆಮೇಲೆ ಕಟ್ಟಡದ ಗೋಡೆಗೋಡೆಗೂ ‘ಉಗುಳಬಾರದು’ ಎಂಬ ಫಲಕ ಬಂತು, ಡಬ್ಬಿ ಹೋಯಿತು. ನ್ಯಾಯಾಲಯದ ಮಾತು, ಕೆಳಗಿನವರು ನುಂಗಿಕೊಂಡರು.

ಅಂಟಣ್ಣನ ಹೊಟ್ಟೆನೋವು ಯಾವಾಗ ಶುರುವಾಯಿತೆಂದು ಅವನಿಗೇ ಸರಿಯಾಗಿ ನೆನಪಿಲ್ಲ. ಮೊದಮೊದಲು ಹೊಕ್ಕುಳ ಮೇಲೆ ಯಾರೋ ಬೆರಳಿಟ್ಟು ಒತ್ತಿದ ಹಾಗೆ. ಆಮೇಲೆ ಆ ಬೆರಳು ಮುಷ್ಟಿಯಾಯಿತು. ಮಧ್ಯಾಹ್ನದ ಹೊತ್ತಿಗೆ ವಾಕರಿಕೆ, ಸಂಜೆ ಬಸ್ಸಿನಲ್ಲಿ ಸೀಟಿನ ಕಂಬಿ ಹಿಡಿದು ಬಗ್ಗಿ ನಿಲ್ಲುವುದು. ಹೊಟ್ಟೆಪಾಡಿಗೆ ದುಡಿಯುವವನ ಹೊಟ್ಟೆಯ ಪಾಡು ಹೀಗಾಯಿತಲ್ಲ ಎಂದು ಕತ್ತರಿ ನಗಾಡಿದ. ಅಂಟಣ್ಣನೂ ನಕ್ಕ. ನಕ್ಕರೆ ನೋವು ಜಾಸ್ತಿಯಾಗುತ್ತದೆ ಎಂಬುದು ಅವತ್ತು ತಿಳಿಯಿತು.

ಮನೆಯಲ್ಲಿ ಇದ್ದವಳು ಅಕ್ಕ. ಮೂರನೇ ಮಹಡಿಯಲ್ಲಿ ಎರಡು ಕೋಣೆ, ಅದಕ್ಕೆ ತಾಗಿಕೊಂಡು ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದಷ್ಟು ಅಡುಗೆಮನೆ. ಆ ಒಬ್ಬರು ಯಾವಾಗಲೂ ಅಕ್ಕನೇ. ಅವಳಿಗೆ ಅರವತ್ತೇಳು. ಒಂದು ಶಾಲೆಯ ಹಾಸ್ಟೆಲಿನಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿದವಳು. ದಿನಕ್ಕೆ ಇನ್ನೂರು ತಟ್ಟೆ, ಮೂರು ಹೊತ್ತು. ತಮ್ಮ ಮದುವೆಯಾಗಲಿಲ್ಲ, ಅವಳದು ಆಗಿಯೂ ನಿಲ್ಲಲಿಲ್ಲ. ಆ ಎರಡು ವಿಷಯವನ್ನು ಬಿಟ್ಟು ಪ್ರಪಂಚದ ಉಳಿದೆಲ್ಲ ವಿಷಯಕ್ಕೂ ಇಬ್ಬರೂ ಜಗಳವಾಡುತ್ತಿದ್ದರು. ನಿವೃತ್ತಿಯ ದಿನ ಹಾಸ್ಟೆಲಿನವರು ಅವಳಿಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಅವಳು ಅದನ್ನು ಅಲ್ಲೇ ಬಿಟ್ಟು, ತಾನು ಬಳಸುತ್ತಿದ್ದ ತೋಳುದ್ದದ ಮರದ ಸೌಟನ್ನು ಕೇಳಿ ತಂದಳು. ಅದನ್ನು ಒಲೆಯ ಮೇಲುಗಡೆ, ಬೇರೆ ಮನೆಗಳಲ್ಲಿ ಹಿರಿಯರ ಫೋಟೋ ಹಾಕುವ ಎತ್ತರದಲ್ಲಿ, ಮೊಳೆ ಹೊಡೆದು ತೂಗುಹಾಕಿದ್ದಳು.

“ಇನ್ನೂರು ಹೊಟ್ಟೆಗೆ ಹಾಕಿದೀನಿ. ಒಂದೇ ಒಂದು ಮಗು ನನ್ನ ಊಟ ತಿಂದು ಆಸ್ಪತ್ರೆ ಮೆಟ್ಲು ಹತ್ತಿಲ್ಲ,” ಎಂಬುದು ಅವಳ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿದ್ದ ಮಾತು. ಅಂಟಣ್ಣ ಆಸ್ಪತ್ರೆ ಮೆಟ್ಟಿಲು ಹತ್ತಿದ ದಿನದಿಂದ ಆ ಮಾತು ನಿಂತಿತು.

ಆಸ್ಪತ್ರೆಯಲ್ಲಿ ಗಂಟಲಿನ ಮೂಲಕ ಕೊಳವೆ ಇಳಿಸಿ ನೋಡಿದರು. ಆಮೇಲೆ ಪಥ್ಯದ ಮೇಡಂ ಹತ್ತಿರ ಕಳಿಸಿದರು. ಸಣ್ಣ ವಯಸ್ಸಿನ ಹುಡುಗಿ, ಮೇಜಿನ ಮೇಲೆ ಪ್ಲಾಸ್ಟಿಕ್ ಹಣ್ಣುಗಳ ಬುಟ್ಟಿ.

“ಹುಣ್ಣಿಲ್ಲ, ಗಡ್ಡೆ ಇಲ್ಲ. ಒಳಗೋಡೆ ಕೆಂಪಗಾಗಿದೆ ಅಷ್ಟೇ,” ಎಂದಳು. “ಯಾವುದೋ ಆಹಾರ ನಿಮಗೆ ಆಗ್ತಿಲ್ಲ. ಅದು ಯಾವುದು ಅಂತ ಹಿಡೀಬೇಕು.”

“ಹೇಗೆ ಹಿಡಿಯೋದು ಮೇಡಂ?”

“ಮೊದ್ಲು ಎಲ್ಲಾನೂ ಹೊರಗೆ ಹಾಕೋದು. ಮೂರು ವಾರ. ಆಮೇಲೆ ಒಂದೊಂದನ್ನೇ ಒಳಗೆ ಬಿಡೋದು, ಒಂದು ಬಿಟ್ರೆ ಮೂರು ದಿನ ಕಾಯೋದು. ಯಾವುದು ಬಂದ ಮೇಲೆ ಗಲಾಟೆ ಶುರುವಾಗುತ್ತೋ, ಅದೇ ಕಳ್ಳ.”

ಅಂಟಣ್ಣನಿಗೆ ಈ ಕ್ರಮ ಹಿಡಿಸಿತು. ಎಲ್ಲರನ್ನೂ ಒಟ್ಟಿಗೆ ಜೈಲಿಗೆ ಹಾಕಿ, ಆಮೇಲೆ ಒಬ್ಬೊಬ್ಬರನ್ನೇ ಜಾಮೀನಿನ ಮೇಲೆ ಬಿಟ್ಟು ನೋಡುವುದು. ಮೇಲಿನ ಮಹಡಿಗಳಲ್ಲಿ ನಡೆಯುವುದಕ್ಕಿಂತ ಬೇಗ ಮುಗಿಯುವ ವಿಚಾರಣೆ. ಗೋಧಿ, ಹಾಲು, ಬೇಳೆಕಾಳು, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಮೆಣಸಿನಕಾಯಿ, ಕಾಫಿ, ಟೀ ಎಲ್ಲ ಗಡೀಪಾರಾದವು. ಅಕ್ಕಿ, ಕುಂಬಳಕಾಯಿ, ಕ್ಯಾರೆಟ್, ಬೇಯಿಸಿದ ಸೇಬು, ಒಂದು ಚಮಚ ಎಣ್ಣೆ, ಉಪ್ಪು, ಈ ಆರು ಉಳಿದವು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯಲ್ಲಿ ಮೇಡಂ ಅರ್ಧವನ್ನು ಪೆನ್ನಿನಿಂದ ಹೊಡೆದುಹಾಕಿದಂತಾಯಿತು.

“ಒಂದು ಪುಸ್ತಕ ಇಡಿ. ತಿಂದಿದ್ದು, ಕುಡಿದಿದ್ದು, ತಗೊಂಡ ಮಾತ್ರೆ, ಎಲ್ಲ ಬರೀರಿ. ನೋವಿಗೆ ಹತ್ತಕ್ಕೆ ಎಷ್ಟು ಅಂತ ಅಂಕ ಕೊಡಿ. ಚೂರೂ ಬಿಡಬೇಡಿ.”

ಪುಸ್ತಕ ಇಡಿ ಎಂದು ಬೈಂಡರಿಗೆ ಹೇಳಿದರೆ ಅವನು ಅಂಗಡಿಗೆ ಹೋಗುತ್ತಾನೆಯೇ? ಮಾರನೇ ದಿನವೇ ನೂರು ಹಾಳೆ ಮಡಿಸಿ, ಹೊಲಿದು, ಯಾವುದೋ ಕೊಲೆ ಮೊಕದ್ದಮೆಯ ಕಡತಕ್ಕೆ ಕತ್ತರಿಸಿ ಉಳಿದಿದ್ದ ಕೆಂಪು ಬಟ್ಟೆಯನ್ನು ಬೆನ್ನಿಗೆ ಹಾಕಿ, ಹೊಸದಾಗಿ ಕಾಯಿಸಿ ರುಚಿ ನೋಡಿದ ಅಂಟಿನಿಂದ ರಟ್ಟು ಕೂರಿಸಿದ. ಒಳಗೆ ನಾಲ್ಕು ಕಾಲಂ ಎಳೆದ: ತಾರೀಖು, ಹೊತ್ತು, ಪದಾರ್ಥ, ನೋವು. ಅವನ ಕೈಯಿಂದ ಅಷ್ಟು ಚೆಂದದ ಪುಸ್ತಕ ಬಹಳ ದಿನದಿಂದ ಬಂದಿರಲಿಲ್ಲ.

ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಏನೋ ಇದು, ನನ್ನ ಅಡುಗೆ ಮೇಲೆ ಚಾರ್ಜ್‌ಶೀಟಾ?”

“ಅಡುಗೆ ಮೇಲಲ್ಲ ಅಕ್ಕ, ಸಾಮಾನಿನ ಮೇಲೆ.”

“ಸಾಮಾನು ತಾನೇ ನಡ್ಕೊಂಡ್ ಹೋಗಿ ಪಾತ್ರೆಗೆ ಬೀಳುತ್ತೇನೋ ಪುಟ್ಟ?”

“ನಿನ್ನನ್ನ ಯಾರು ಏನಂದ್ರು ಈಗ?”

“ಯಾರೂ ಏನೂ ಅನ್ನಲಿಲ್ಲ. ಅದಕ್ಕೇ ಕೇಳ್ದೆ.”

ಆದರೂ ಮೂರು ವಾರ ಅವಳು ಒಂದು ಕಾಳು ಆಚೆ ಈಚೆ ಮಾಡಲಿಲ್ಲ. ಇನ್ನೂರು ಜನಕ್ಕೆ ಬೇಯಿಸಿದ ಕೈಯಲ್ಲಿ ಒಂದು ಹಿಡಿ ಅಕ್ಕಿ, ಎರಡು ಹೋಳು ಕುಂಬಳ. ತಾನೂ ಅದನ್ನೇ ತಿಂದಳು. ಬೇರೆ ಒಗ್ಗರಣೆಯ ವಾಸನೆ ಬಂದರೆ ಅವನಿಗೆ ಆಸೆಯಾಗುತ್ತದೆಂದು ಕಾರಣ ಕೊಟ್ಟಳು. ಮಧ್ಯಾಹ್ನದ ಡಬ್ಬಿಯನ್ನೂ ಅವಳೇ ಕಟ್ಟುತ್ತಿದ್ದಳು. ಅಂಟಣ್ಣ ನೆಲಮಾಳಿಗೆಯಲ್ಲಿ ಆ ಡಬ್ಬಿಯ ಹೊರತು ಇನ್ನೇನನ್ನೂ ಬಾಯಿಗಿಡಲಿಲ್ಲ, ಕತ್ತರಿ ಕೊಟ್ಟ ಬಿಸ್ಕತ್ತನ್ನೂ ಸಹ. ಸಂಜೆ ಬಾಗಿಲು ತೆಗೆಯುತ್ತಲೇ ಅವಳ ಪ್ರಶ್ನೆ ಒಂದೇ.

“ಇವತ್ತೆಷ್ಟು?”

“ಆರು.”

ಮಾರನೇ ದಿನ ಏಳು. ಅದರ ಮಾರನೇ ದಿನ ಮತ್ತೆ ಆರು. ಭಾನುವಾರ ಎರಡಕ್ಕೋ ಮೂರಕ್ಕೋ ಇಳಿಯುತ್ತಿತ್ತು. ಅಕ್ಕನ ಮುಖ ಅರಳುತ್ತಿತ್ತು. “ಮಧ್ಯಾಹ್ನ ನಿದ್ದೆ ಮಾಡಿದ್ನಲ್ಲ, ಅದಕ್ಕೆ,” ಎಂದು ಅಂಟಣ್ಣ ಅದನ್ನು ನಿದ್ದೆಯ ಲೆಕ್ಕಕ್ಕೆ ಬರೆದುಬಿಡುತ್ತಿದ್ದ. ಸೋಮವಾರ ಸಂಜೆ ಮತ್ತೆ ಆರು. ಅರಳಿದ ಮುಖ ಮತ್ತೆ ಮುದುಡುತ್ತಿತ್ತು.

ಮೂರು ವಾರದ ಮೇಲೆ ಮೇಡಂ ಪುಸ್ತಕದ ಹಾಳೆಗಳನ್ನು ಸರಸರ ತಿರುವಿ ಹಾಕಿದಳು.

“ಆರೇ ಪದಾರ್ಥ ತಿಂದೂ ನೋವು ಹೀಗೇ ಇದೆ ಅಂದ್ರೆ, ಏಳನೇದು ಯಾವುದೋ ಒಳಗೆ ಹೋಗ್ತಿದೆ.”

“ಇಲ್ಲ ಮೇಡಂ. ತಿಂದಿದ್ದೆಲ್ಲ ಬರ್ದಿದೀನಿ. ಸುಳ್ಳಿಲ್ಲ.”

“ನಿಮಗೆ ಗೊತ್ತಿಲ್ದೆ ಹೋಗ್ತಿರಬಹುದು. ಅಡುಗೆ ಯಾರು ಮಾಡ್ತಾರೆ?”

“ನಮ್ಮಕ್ಕ.”

“ವಯಸ್ಸಾಗಿದೆಯಾ? ಕಣ್ಣು ಸರಿಯಾಗಿ ಕಾಣುತ್ತಾ? ಪಾತ್ರೆ, ಎಣ್ಣೆ, ಕೈ ತೊಳ್ಕೊಳ್ಳೋದು... ಸ್ವಲ್ಪ ಅಡುಗೆಮನೆ ಕಡೆ ನೋಡಿ.”

ಅಲ್ಲಿ ಅಂಟಣ್ಣ ಒಂದು ಮಾತು ಆಡಬೇಕಿತ್ತು. ತಲೆ ಆಡಿಸಿದ. ಇದೊಂದನ್ನು ಆಮೇಲೆ ಅವನು ಎಷ್ಟು ಸಲ ನೆನೆಸಿಕೊಂಡನೋ ಲೆಕ್ಕವಿಲ್ಲ.

ಮನೆಗೆ ಬಂದು ಅದನ್ನು ಮುಚ್ಚಿಡಲೂ ಅವನಿಗೆ ಬರಲಿಲ್ಲ. ಅಕ್ಕನ ಮುಂದೆ ಸುಳ್ಳು ಹೇಳಿ ಅಭ್ಯಾಸವಿಲ್ಲದವನು, ಸತ್ಯವನ್ನು ಹದ ಮಾಡಿ ಹೇಳುವುದನ್ನೂ ಕಲಿತಿರಲಿಲ್ಲ. ಮೇಡಂ ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸಿದ. ಅಕ್ಕ ಜಗಳಕ್ಕೆ ಬರುತ್ತಾಳೆಂದು ಕಾದ. ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆಯಿಂದ ಕೈ ಒರೆಸಿಕೊಂಡು, ಬೆರಳುಗಳನ್ನು ಬಿಡಿಸಿ, ಬೇರೆಯವರ ಕೈ ನೋಡುವ ಹಾಗೆ ನೋಡಿಕೊಂಡಳು.

“ನೋಡು ಮತ್ತೆ. ಅಡುಗೆಮನೆ ಅಲ್ಲೇ ಇದೆ,” ಎಂದು ಹೊರಗೆ ಬಂದು ನಿಂತಳು.

ಅವನು ಒಳಗೆ ಹೋದ. ಡಬ್ಬಿಗಳ ಮುಚ್ಚಳ ತೆಗೆದು ಮೂಸಿದ. ಏನನ್ನು ಹುಡುಕಬೇಕೆಂದು ಗೊತ್ತಿಲ್ಲದವನ ಹುಡುಕಾಟ. ಏನೂ ಸಿಗಲಿಲ್ಲ. ಸಿಕ್ಕಿದ್ದರೇ ವಾಸಿಯಿತ್ತು.

ಅಂದಿನಿಂದ ಆ ಮನೆಯಲ್ಲಿ ಎರಡನೇ ಗಡೀಪಾರು ಶುರುವಾಯಿತು. ತಮ್ಮನ ತಟ್ಟೆಯಿಂದ ಪದಾರ್ಥಗಳು ಹೋಗಿದ್ದ ಹಾಗೆ, ಅಕ್ಕ ಅಡುಗೆಮನೆಯಿಂದ ಒಂದೊಂದನ್ನೇ ತೆಗೆದಳು. ಅವಳು ಪುಸ್ತಕ ಇಡಲಿಲ್ಲ. ಮೊದಲು ಅಲ್ಯುಮಿನಿಯಂ ಪಾತ್ರೆ ಹೋಯಿತು. ಆಮೇಲೆ ಎಣ್ಣೆಯ ಹಳೆಯ ಡಬ್ಬ, ಬಿರುಕು ಬಿಟ್ಟ ಪಿಂಗಾಣಿ, ಪಾತ್ರೆ ಉಜ್ಜುವ ಪುಡಿ. ಅಡುಗೆ ಮಾಡುವಾಗ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡಳು. ಅಕ್ಕಿ ಮುಟ್ಟುವ ಮೊದಲು ಮೂರು ಸಲ, ಮುಟ್ಟಿದ ಮೇಲೆ ಮೂರು ಸಲ ಸೋಪು ಹಾಕಿ ಕೈ ತೊಳೆದಳು. ಬೆರಳ ಸಂದಿಗಳು ಒಡೆದು ಕೆಂಪಗಾದವು. “ಬಿಡಕ್ಕಾ, ಸಾಕು,” ಎಂದರೆ, “ಇವತ್ತೆಷ್ಟು?” ಎನ್ನುತ್ತಿದ್ದಳು. ತಮ್ಮನ ನೋವು ಹೋಗಬೇಕು, ಅದು ಸರಿ. ಆದರೆ ಅದಕ್ಕೂ ಮೊದಲು ಅದು ತನ್ನ ಕೈಯಿಂದ ಬಂದದ್ದಲ್ಲ ಎಂದು ಗೊತ್ತಾಗಬೇಕು. ಅವಳಿಗೆ ಬೇಕಿದ್ದುದು ಅಷ್ಟೇ.

ಒಂದು ಸಂಜೆ ಅಂಟಣ್ಣ ಒಲೆಯ ಮೇಲೆ ನೋಡಿದರೆ ಮೊಳೆ ಇತ್ತು, ಸೌಟಿರಲಿಲ್ಲ. ಗೋಡೆಯಲ್ಲಿ ಸೌಟಿನ ಆಕಾರದ ಒಂದು ಬಿಳಿ ಗುರುತು ಉಳಿದಿತ್ತು.

“ಎಲ್ಲಕ್ಕ ಅದು?”

“ಹಳೇ ಮರ. ಸಂದೀಲಿ ಏನೇನು ಕೂತಿತ್ತೋ. ಕಸದ ಗಾಡಿಗೆ ಕೊಟ್ಟೆ.”

“ಅದರಲ್ಲಿ ನೀನು ಅಡುಗೇನೇ ಮಾಡ್ತಿರಲಿಲ್ಲವಲ್ಲ.”

“ಮೇಲಿಂದ ಧೂಳು ಉದುರಬಹುದು.”

ಮೇಡಂ ಹೇಳಿದ ಪ್ರಕಾರ ಪದಾರ್ಥಗಳು ಒಂದೊಂದಾಗಿ ವಾಪಸು ಬಂದವು. ಮೊಟ್ಟೆ ಬಂತು: ಆರು. ಹಾಲು ಬಂತು: ಏಳು. ಬ್ರೆಡ್ಡು ಬಂತು: ಆರು. ಯಾರು ಬಂದರೂ ನೋವು ಮೊದಲೇ ಬಂದು ಜಾಗ ಹಿಡಿದು ಕೂತಿರುತ್ತಿತ್ತು, ಹೀಗಾಗಿ ಯಾರ ಮೇಲೂ ಅಪರಾಧ ಸಾಬೀತಾಗಲಿಲ್ಲ, ಯಾರಿಗೂ ಬಿಡುಗಡೆಯೂ ಸಿಗಲಿಲ್ಲ. ಪ್ಯಾಂಟು ಜಾರುತ್ತಿತ್ತು, ರಟ್ಟು ಚುಚ್ಚುವ ದಬ್ಬಳದಲ್ಲೇ ಅಂಟಣ್ಣ ಬೆಲ್ಟಿಗೆ ಹೊಸ ತೂತು ಹಾಕಿಕೊಂಡ. ಎರಡು ತಿಂಗಳಲ್ಲಿ ನಾಲ್ಕು ತೂತು.

ಒಂದು ಗುರುವಾರ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅಡುಗೆಮನೆಯಲ್ಲಿ ಸ್ಟೀಲಿನ ಪಾತ್ರೆ ಬಿದ್ದ ಸದ್ದಾಯಿತು. ಅಕ್ಕನ ಕೈಯಿಂದ ಪಾತ್ರೆ ಬೀಳುವುದಿಲ್ಲ. ಒಳಗೆ ಓಡಿದ. ಅವಳು ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ನಲ್ಲಿ ಹರಿಯುತ್ತಿತ್ತು, ಮೊಣಕೈವರೆಗೆ ಸೋಪಿನ ನೊರೆ. ಬಾಯಿ ಒಂದು ಕಡೆಗೆ ಜಾರಿತ್ತು.

“ಪುಟ್ಟ, ಕೈ ಎಲ್ಲಿ ಹೋಯ್ತೋ,” ಎಂದಳು. ಬಲಗೈ ಅವಳ ತೊಡೆಯ ಮೇಲೆಯೇ ಬಿದ್ದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಬಿಪಿ ಮಾತ್ರೆ ತಗೋತಿದ್ರಾ?”

“ತಪ್ಪದೆ ತಗೋತಾಳೆ. ಹತ್ತು ವರ್ಷದಿಂದ.”

“ಇತ್ತೀಚೆಗೆ ಬಿಟ್ಟಿದ್ದಾರೆ. ವಿಚಾರಿಸಿ ನೋಡಿ.”

ಅವಳ ಬಟ್ಟೆ ತರಲು ಮನೆಗೆ ಹೋದಾಗ ವಿಚಾರಿಸಿದ. ಮಾತ್ರೆಯ ಡಬ್ಬಿ ಯಾವಾಗಲೂ ಅಡುಗೆಮನೆಯ ಕಪಾಟಿನಲ್ಲಿ, ಉಪ್ಪಿನ ಜಾಡಿಯ ಪಕ್ಕ ಇರುತ್ತಿತ್ತು. ಉಪ್ಪಿನ ಜಾಡಿ ಹೊಸದಾಗಿತ್ತು. ಪಕ್ಕದಲ್ಲಿ ಏನೂ ಇರಲಿಲ್ಲ. ಕೆಳಗಿನ ಮನೆಯ ಟೀಚರಮ್ಮ ಮೆಟ್ಟಿಲ ಮೇಲೆ ಸಿಕ್ಕಿ, ಹೇಳಲೋ ಬೇಡವೋ ಎನ್ನುತ್ತಲೇ ಹೇಳಿದಳು.

“ಒಂದೂವರೆ ತಿಂಗಳಾಯ್ತೇನೋ. ಮಾತ್ರೆ ಪುಡಿ ಉಪ್ಪಿಗೆ ಉದುರಿದ್ರೆ ತಮ್ಮನ ಹೊಟ್ಟೆಗೆ ಹೋಗುತ್ತಲ್ಲಾ ಅಂತ ನಿಮ್ಮಕ್ಕ ಅಷ್ಟನ್ನೂ ಬಿಸಾಕಿದ್ರು. ಬೇರೆ ಕಡೆ ಇಡಿ, ತಗೊಳ್ಳೋದು ಬಿಡಬೇಡಿ ಅಂದೆ. ಅವನ ನೋವು ಹೋದ ಮೇಲೆ ಶುರು ಮಾಡ್ತೀನಿ ಅಂದ್ರು. ನಿಮಗೆ ಹೇಳಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ರು.”

ಅಂಟಣ್ಣ ಹದಿಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದ. ಪಥ್ಯ ಅವನಿಗೆ ನೆನಪಾಗಲೂ ಇಲ್ಲ. ಕ್ಯಾಂಟೀನಿನಲ್ಲಿ ಯಾವುದು ಕೈಗೆ ಸಿಕ್ಕಿತೋ ಅದು: ಬ್ರೆಡ್ಡು, ಹಾಲು ಹಾಕಿದ ಟೀ, ಈರುಳ್ಳಿ ಸುರಿದ ಮೊಟ್ಟೆ, ಎಣ್ಣೆಯಲ್ಲಿ ಮುಳುಗಿ ಎದ್ದ ಆಲೂಗಡ್ಡೆ. ಐದನೇ ದಿನ ಟೀ ಲೋಟ ಹಿಡಿದು ನಿಂತಿದ್ದಾಗ, ಬೆನ್ನು ನೆಟ್ಟಗೆ ಮಾಡಿ ನಿಂತಿದ್ದೇನೆ ಎಂಬುದು ಅವನಿಗೆ ಹೊಳೆಯಿತು. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದ. ನೋವಿರಲಿಲ್ಲ. ಆರನೇ ದಿನವೂ ಇರಲಿಲ್ಲ. ಏಳನೇ ದಿನವೂ.

ಅಕ್ಕನ ಮಾತು ಎಂಟನೇ ದಿನದ ಹೊತ್ತಿಗೆ ಸ್ವಲ್ಪ ಹಿಡಿತಕ್ಕೆ ಬಂದಿತ್ತು. ಬಲಗೈ ಬಂದಿರಲಿಲ್ಲ, ಬರುವುದಿಲ್ಲವೆಂದು ಡಾಕ್ಟರು ಹೊರಗೆ ಕರೆದು ಹೇಳಿದ್ದರು. ಅಂಟಣ್ಣ ಅವಳಿಗೆ ಗಂಜಿ ಕುಡಿಸುತ್ತಿದ್ದ. ಅವಳು ತುಟಿ ಒರೆಸಿಕೊಳ್ಳುವ ಮೊದಲೇ ಕೇಳಿದಳು.

“ಇವತ್ತೆ... ಷ್ಟು?”

ಒಂದಾದರೂ ಒಳ್ಳೆಯ ಸುದ್ದಿ ಹೇಳಬಹುದಲ್ಲ ಎಂದು ಅವನ ಮುಖ ಬೆಳಗಿತು. “ಸೊನ್ನೆ ಅಕ್ಕ. ನಾಲ್ಕು ದಿನದಿಂದ ಸೊನ್ನೆ. ಕ್ಯಾಂಟೀನಲ್ಲಿ ಎಲ್ಲಾ ತಿಂತಿದೀನಿ, ಏನೂ ಆಗ್ತಿಲ್ಲ.”

ಅಕ್ಕ ಸೂರು ನೋಡಿದಳು.

“ಎಲ್ಲಾ... ಬೇರೆಯವರು ಮಾಡಿದ್ದು,” ಎಂದಳು. ಆಮೇಲೆ ಕಣ್ಣನ್ನು ಹೊದಿಕೆಯ ಮೇಲೆ ಬಿದ್ದಿದ್ದ ಬಲಗೈಯತ್ತ ತಂದಳು. “ಹಾಗಾದ್ರೆ ಇದೇ. ಸರಿ, ಹೋಗಿದ್ದೇ ಒಳ್ಳೇದಾಯ್ತು ಬಿಡು.”

ಅವನು ಚಮಚ ಕೆಳಗಿಟ್ಟ. ಅಲ್ಲ ಎನ್ನಲು ಬಾಯಿ ತೆಗೆದ. ಆದರೆ ಹನ್ನೊಂದು ವಾರ ಬರೆದ ಪುಸ್ತಕವೂ ಎಂಟು ದಿನದ ಕ್ಯಾಂಟೀನೂ ಸೇರಿ ಅವಳು ಹೇಳಿದ್ದನ್ನೇ ಹೇಳುತ್ತಿದ್ದವು. ಅವನಿಗೂ ಒಳಗೊಳಗೇ ಹಾಗೇ ಅನ್ನಿಸಿತ್ತು. ಅವಳು ಗೋಡೆಯ ಕಡೆ ತಿರುಗಿಕೊಂಡಳು. ಉಳಿದ ಗಂಜಿಯನ್ನು ಅವತ್ತು ಕುಡಿಯಲಿಲ್ಲ. ಮನೆಗೆ ಕರೆತಂದ ಮೇಲೂ ಬಾಯಿಗೆ ಚಮಚ ಹೋದರೆ ಎರಡು ಗುಟುಕು, ಆಮೇಲೆ ತುಟಿ ಬಿಗಿಯುವುದು. “ಇವತ್ತೆಷ್ಟು” ಎಂದು ಮತ್ತೆ ಕೇಳಲಿಲ್ಲ. ತೀರ್ಪು ಬಂದ ಮೇಲೆ ಯಾರೂ ಮುಂದಿನ ತಾರೀಖು ಕೇಳುವುದಿಲ್ಲ.

ಹದಿನೇಳನೇ ದಿನ ಟೀಚರಮ್ಮನನ್ನು ಅಕ್ಕನ ಹತ್ತಿರ ಕೂರಿಸಿ ಅಂಟಣ್ಣ ಕೆಲಸಕ್ಕೆ ಹೋದ. ಕತ್ತರಿ ಅವನನ್ನು ಕಂಡು ಯಂತ್ರ ನಿಲ್ಲಿಸಿದ.

“ಬಂದ್ಯಾ. ಎರಡು ವಾರದಿಂದ ನಾನು ಅಂಟಿಲ್ದೆ ಬರೀ ನಂಟಿನ ಮೇಲೆ ಕಡತ ನಿಲ್ಲಿಸಿದೀನಿ. ಅಕ್ಕ ಹೇಗಿದಾರೆ?”

“ಇದಾಳೆ.”

ಅಂಟಣ್ಣ ಹಿಟ್ಟು ಕದಡಿದ, ಕಾಯಿಸಿದ, ನೀಲಿ ಪುಡಿ ಹಾಕಿದ, ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದ. ಚುರ್ ಎಂದಿತು. ನುಂಗಿದ. ಎರಡು ಕಡತದ ಬೆನ್ನಿಗೆ ಅಂಟು ಹಚ್ಚಿ ಮೂರನೆಯದಕ್ಕೆ ದಾರ ಪೋಣಿಸಲು ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಳ್ಳುವ ಹೊತ್ತಿಗೆ ಹೊಕ್ಕುಳ ಮೇಲೆ ಆ ಬೆರಳು ಬಂದು ಕೂತಿತು. ಇಷ್ಟು ದಿನದ ಬಾಕಿಯನ್ನು ಒಟ್ಟಿಗೆ ತೀರಿಸುವ ಹಾಗೆ, ಮುಷ್ಟಿಯಾಗಲು ಐದು ನಿಮಿಷವೂ ಬೇಕಾಗಲಿಲ್ಲ. ಅವನು ಮೇಜಿನ ಅಂಚು ಹಿಡಿದು ಬಗ್ಗಿದ.

“ಏನಾಯ್ತೋ?”

“ಮತ್ತೆ ಶುರುವಾಯ್ತು.”

“ಆಸ್ಪತ್ರೇಲಿ ಅಷ್ಟು ದಿನ ಆರಾಮಾಗಿದ್ದೆ ಅಂದೆಯಲ್ಲ ಫೋನಲ್ಲಿ. ಬೆಳಿಗ್ಗೆ ಮನೇಲಿ ಏನು ತಿಂದೆ?”

“ಟೀಚರಮ್ಮ ಕೊಟ್ಟ ಬ್ರೆಡ್ಡು. ಕ್ಯಾಂಟೀನಲ್ಲಿ ದಿನಾ ತಿಂದಿದ್ದೇ.”

“ಇಲ್ಲಿ ಬಂದು?”

“ಏನೂ ತಿಂದಿಲ್ಲ.”

“ಬೆರಳು ನೆಕ್ಕಿದೆಯಲ್ಲ.”

“ಅದೇನು ತಿನ್ನೋದಾ? ಅದು ಕೆಲಸ.”

ಕತ್ತರಿ ಅಪರೂಪಕ್ಕೆ ಮಾತು ಕತ್ತರಿಸಲಿಲ್ಲ. ಒಲೆಯ ಮೇಲಿನ ಪಾತ್ರೆ ನೋಡಿದ, ಪಕ್ಕದಲ್ಲಿದ್ದ ನೀಲಿ ಹರಳಿನ ಡಬ್ಬ ನೋಡಿದ. ಅದರ ಮೇಲೆ ಒಂದು ತಲೆಬುರುಡೆಯ ಚಿತ್ರವಿತ್ತು. ಅದು ಹುಳುಗಳಿಗೆ ಕೊಟ್ಟ ಎಚ್ಚರಿಕೆ ಎಂದೇ ಅಲ್ಲಿ ಎಲ್ಲರೂ ತಿಳಿದಿದ್ದರು.

“ಅಂಟಜ್ಜ ಹೇಗೆ ಹೋದ ಗೊತ್ತಲ್ಲ,” ಎಂದ ಮೆಲ್ಲಗೆ. “ನಿವೃತ್ತಿ ಆಗಿ ನಾಲ್ಕೇ ತಿಂಗಳಿಗೆ. ಕೊನೇವರೆಗೂ ಹೊಟ್ಟೆ ಹಿಡ್ಕೊಂಡೇ ಇದ್ದ. ಅವನ ಹೊಟ್ಟೆ ಮೊದಲಿಂದ ಹಾಗೇ ಅಂತ ನಾವೇ ಅಂದ್ವಿ.”

ಅಂಟಣ್ಣ ಚೀಲದಿಂದ ಪುಸ್ತಕ ತೆಗೆದ. ತಾರೀಖಿನ ಕಾಲಂ ಇತ್ತು, ವಾರಕ್ಕೆ ಕಾಲಂ ಎಳೆದಿರಲಿಲ್ಲ. ಗೋಡೆಯ ಕ್ಯಾಲೆಂಡರನ್ನು ಇಳಿಸಿ ಪಕ್ಕದಲ್ಲಿಟ್ಟುಕೊಂಡು, ಕೆಂಪು ಪೆನ್ಸಿಲಿನಲ್ಲಿ ಭಾನುವಾರಗಳಿಗೆ ಒಂದೊಂದಾಗಿ ಗುರುತು ಹಾಕಿದ. ಎರಡು. ಮೂರು. ಎರಡು. ಎರಡು. ಮಧ್ಯದಲ್ಲಿ ಕಚೇರಿಗೆ ಎರಡು ದಿನ ಸತತವಾಗಿ ರಜೆ ಬಿದ್ದಿತ್ತು. ಎರಡನೇ ದಿನ ಸೊನ್ನೆ. ಆ ದಿನಗಳಲ್ಲೆಲ್ಲ ಅವನು ಮನೆಯಲ್ಲಿದ್ದ. ಮೂರು ಹೊತ್ತೂ ಉಂಡದ್ದು ಅಕ್ಕನ ಕೈಯದನ್ನೇ. ಸಾಕ್ಷಿ ಹನ್ನೊಂದು ವಾರದಿಂದ ಕಟಕಟೆಯಲ್ಲೇ ನಿಂತಿತ್ತು, ಹೆಸರು ಕರೆದವರಿರಲಿಲ್ಲ.

ಅವನು ಹೊರಟ. ಕತ್ತರಿ ತಡೆಯಲಿಲ್ಲ. ಅಂಟಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಮೋರಿಗೆ ಸುರಿದ.

ಮಧ್ಯಾಹ್ನದ ಬಿಸಿಲು ಅಕ್ಕನ ಮಂಚದ ಕಾಲಿನವರೆಗೆ ಬಂದಿತ್ತು. ಟೀಚರಮ್ಮ ಎದ್ದು ಕೆಳಗೆ ಹೋದಳು. ಅಂಟಣ್ಣ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ: ಅಂಟು, ಬೆರಳು, ನೀಲಿ ಪುಡಿ, ಅಂಟಜ್ಜ, ಭಾನುವಾರ. ಅಕ್ಕ ಗೋಡೆ ನೋಡುತ್ತಲೇ ಕೇಳಿಸಿಕೊಂಡಳು.

“ಸಮಾಧಾನಕ್ಕೆ ಹೇಳ್ತಿದೀಯ.”

“ಅಲ್ಲಕ್ಕ. ನೋಡಿಲ್ಲಿ.”

ಅವನು ಪುಸ್ತಕವನ್ನು ಅವಳ ಕಣ್ಣ ಮುಂದೆ ಹಿಡಿದ. ಅಕ್ಷರಕ್ಕಿಂತ ಅಂಕಿಯಲ್ಲಿ ಪಳಗಿದವಳು ಅವಳು. ಮೂವತ್ತೊಂದು ವರ್ಷ ತಟ್ಟೆ ಎಣಿಸಿದವಳು. ಎಡಗೈಯ ಬೆರಳನ್ನು ಕೆಂಪು ಗುರುತುಗಳ ಮೇಲೆ ಒಂದೊಂದಾಗಿ ಇಟ್ಟಳು. ಹಾಳೆ ತಿರುವಿಸಿದಳು. ಹಿಂದಕ್ಕೆ ಹೋಗಿ ಮತ್ತೆ ಮೊದಲಿನಿಂದ ಎಣಿಸಿದಳು.

“ಹನ್ನೊಂದು ಭಾನುವಾರ,” ಎಂದಳು.

“ಹೂಂ.”

“ನಾನು ಮಾಡಿದ್ದೇ ತಿಂದಿದ್ದೆ.”

“ಮೂರು ಹೊತ್ತೂ.”

“ಬೆರಳು ನೆಕ್ಕಬೇಡ ಅಂತ ನಿಂಗೆ ಮೂರು ವರ್ಷದವನಿದ್ದಾಗಲೇ ಹೊಡೆದಿದ್ದೆ,” ಎಂದಳು ಅಕ್ಕ. ಅವಳ ಬಾಯಿಯ ಒಂದು ಅರ್ಧ ನಗಲು ನೋಡಿತು, ಇನ್ನರ್ಧ ಜೊತೆ ಕೊಡಲಿಲ್ಲ. ಆಮೇಲೆ ಆ ಅರ್ಧವೂ ಇಳಿಯಿತು. “ಹಾಗಾದ್ರೆ ಈ ಕೈಯದ್ದೇನೂ ತಪ್ಪಿಲ್ಲ.”

“ಇಲ್ಲಕ್ಕ. ಬಿಡುಗಡೆ ಆಯ್ತು.”

“ಬಿಡುಗಡೆ ಆಯ್ತಾ? ಹಾಗಾದ್ರೆ ಎದ್ದೇಳು ಅನ್ನು ಅದಕ್ಕೆ.”

ಅಂಟಣ್ಣನ ಹೊಟ್ಟೆಯ ನೋವಿನ್ನೂ ಹಾಗೇ ಇತ್ತು, ಬಗ್ಗಿ ಕೂತಿದ್ದ. ರಸ್ತೆಯಲ್ಲಿ ಯಾರೋ ಗಾಡಿಯ ಹಾರನ್ನು ಬಿಡದೆ ಒತ್ತುತ್ತಿದ್ದರು. ಅದು ನಿಂತ ಮೇಲೆ ಅಕ್ಕ ಹೇಳಿದಳು.

“ಬರಿ.”

“ಏನನ್ನ?”

“ಅಷ್ಟು ದಿನ ಬರೆದೆಯಲ್ಲ, ಇದನ್ನೂ ಬರಿ. ಅದೇ ಪುಸ್ತಕದಲ್ಲಿ. ಆ ಹುಡುಗಿ ಓದಬೇಕು.”

ಅವನು ಪೆನ್ನು ತೆಗೆದ. ತಾರೀಖು ಹಾಕಿದ. ಪಕ್ಕದಲ್ಲಿ ವಾರದ ಹೆಸರನ್ನೂ ಬರೆದ. ಪದಾರ್ಥದ ಕಾಲಂ ಸಾಲದೆ, ನಾಲ್ಕೂ ಕಾಲಂ ದಾಟಿ ಒಂದು ಸಾಲು ಬರೆದು ಅವಳಿಗೆ ಓದಿ ಹೇಳಿದ: ‘ಅಕ್ಕನ ಅಡುಗೆಯಿಂದ ನನಗೆ ಯಾವತ್ತೂ ಏನೂ ಆಗಿಲ್ಲ. ನಾನು ಕೆಲಸದಲ್ಲಿ ವಿಷ ತಿನ್ನುತ್ತಿದ್ದೆ, ಬರೆಯಲಿಲ್ಲ.’

“ಮಾತ್ರೆ ವಿಷಯ ಬರೀಬೇಡ,” ಎಂದಳು ಅಕ್ಕ. “ಅದು ನಂದು.”

ಅವಳು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಭಾರದ ಪಾತ್ರೆ ಎತ್ತುವ ಹಾಗೆ ಎತ್ತಿ ತಂದು, ಬರೆದ ಸಾಲಿನ ಮೇಲೆ ಇಟ್ಟಳು. ಸೋಪಿನಿಂದ ಒಡೆದಿದ್ದ ಬೆರಳ ಸಂದಿಗಳು ಈ ದಿನಗಳಲ್ಲಿ ಮಾಯ್ದು ಬಿಟ್ಟಿದ್ದವು. ಶಾಯಿ ಇನ್ನೂ ಆರಿರಲಿಲ್ಲ, ಬೆರಳಿಗೆ ಹತ್ತಿತು. ಅಂಟಣ್ಣ ಒರೆಸಲು ಬಟ್ಟೆ ತಂದ.

“ಇರಲಿ ಬಿಡು,” ಎಂದಳು. “ಏನು ತೊಳೆಯೋದಿದೆ ಇನ್ನು.”